ಕೆಲಸ ಹಳೆಯದು, ಆರ್ಡರ್ ಹೊಸದು: ಸಹಿಗೆ ಮುನ್ನ ಏನು ನೋಡಬೇಕು?

ಕೂಡ್ಲಿಗಿಯ ಬಟ್ಟೆ ಅಂಗಡಿಯ ಸೇಲ್ಸ್‌ಮನ್, ಕೊಟ್ಟೂರಿನ ಅಡತ್ತಿ ಅಂಗಡಿಯ ಗುಮಾಸ್ತ, ಹಗರಿಬೊಮ್ಮನಹಳ್ಳಿಯ ನರ್ಸಿಂಗ್ ಹೋಮ್‌ನ ನರ್ಸ್, ಹೂವಿನಹಡಗಲಿಯ ಖಾಸಗಿ ಶಾಲೆಯ ಶಿಕ್ಷಕಿ, ಹರಪನಹಳ್ಳಿ ಕಡೆಯ ಗುಡ್ಡದಲ್ಲಿ ಗಾಳಿಯಂತ್ರ ಕಾಯುವ ಸೆಕ್ಯುರಿಟಿ ಗಾರ್ಡ್. ಇಂಥವರಲ್ಲಿ ಎಷ್ಟೋ ಮಂದಿ ಕೆಲಸಕ್ಕೆ ಸೇರಿದ್ದು ಬಾಯಿಮಾತಿನ ಮೇಲೆ. "ನಾಳೆಯಿಂದ ಬಂದುಬಿಡು" ಎಂದದ್ದೇ ಅವರ ನೇಮಕಾತಿ. ನಡುವೆ ಯಾವಾಗಲಾದರೂ ಆರ್ಡರ್ ಕೇಳಿದರೆ "ಅದ್ಯಾಕ ಬೇಕು, ಮನಿ ಮಗನಂಗ ಇದ್ದೀಯಲ್ಲ" ಎಂಬ ಉತ್ತರ ಸಿಗುತ್ತದೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಹೀಗೆ ಐದು, ಎಂಟು, ಹತ್ತು ವರ್ಷ ದುಡಿದ ಮೇಲೆ ಒಂದು ದಿನ ಆಫೀಸಿಗೆ ಕರೆಸಿ, ಎರಡು ಪುಟದ ಕಾಗದ ಮುಂದಿಟ್ಟು "ಇಲ್ಲೊಂದು ಸಹಿ ಹಾಕು" ಎನ್ನುತ್ತಾರೆ. ಕೊನೆಗೂ ಆರ್ಡರ್ ಬಂತಲ್ಲ ಎಂಬ ಖುಷಿಗೆ ಓದದೆ ಸಹಿ ಹಾಕುವವರೇ ಹೆಚ್ಚು. ಎಚ್ಚರ ಬೇಕಾದ್ದು ಅಲ್ಲೇ. ಪತ್ರ ತಡವಾಗಿ ಬಂದರೆ ನೌಕರನಿಗೆ ದೊಡ್ಡ ನಷ್ಟವೇನೂ ಇಲ್ಲ. ಅದರೊಳಗಿನ 'ಸೇವೆಗೆ ಸೇರಿದ ದಿನಾಂಕ' ಮಾತ್ರ ತಡವಾಗಿರಬಾರದು. ಈ ಲೇಖನದ ಮಿಕ್ಕೆಲ್ಲ ಸಲಹೆಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಈಗ ಯಾಕೆ ಕೊಡುತ್ತಿದ್ದಾರೆ?

ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಗ್ಗೂಡಿಸಿ ಕೇಂದ್ರ ಸರ್ಕಾರ ರೂಪಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ವೇತನ ಸಂಹಿತೆ 2019ರದು. ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ ಮತ್ತು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಸ್ಥಿತಿಗತಿ ಸಂಹಿತೆ ಈ ಮೂರೂ 2020ರವು. ಕೊನೆಯದರ 6ನೇ ಸೆಕ್ಷನ್ ನಮಗೆ ಮುಖ್ಯ. ಪ್ರತಿ ನೌಕರನಿಗೂ ನೇಮಕದ ಹೊತ್ತಿನಲ್ಲೇ ನೇಮಕಾತಿ ಪತ್ರ ಕೊಡಬೇಕು ಎಂದು ಅದು ಹೇಳುತ್ತದೆ. ಸಂಹಿತೆ ಜಾರಿಯಾಗುವ ಮೊದಲೇ ಕೆಲಸದಲ್ಲಿದ್ದು ಪತ್ರ ಸಿಗದೇ ಇದ್ದವರಿಗೆ, ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು ಎಂದೂ ಹೇಳುತ್ತದೆ. ಲೆಕ್ಕ ಹಾಕಿದರೆ ಆ ಗಡುವು 2026ರ ಫೆಬ್ರುವರಿಯಲ್ಲಿ ಮುಗಿಯುತ್ತದೆ. ಹಳೆಯ ನೌಕರರ ಕೈಗೆ ಹೊಸ ಆರ್ಡರ್ ಬರುವುದರ ಹಿಂದಿನ ಕಾರಣ ಇದು.

ಈ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯ. ಅದಕ್ಕಿಂತ ಚಿಕ್ಕ ಅಂಗಡಿಯವರು ತಮಗೇನೂ ಇಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ 1961ರ 6-ಎ ಸೆಕ್ಷನ್ ಪ್ರಕಾರ, ಆ ಕಾಯ್ದೆ ಅನ್ವಯವಾಗುವ ಊರುಗಳಲ್ಲಿ ಕೆಲಸಕ್ಕೆ ಸೇರಿದ 30 ದಿನದೊಳಗೆ ಲಿಖಿತ ಆದೇಶ ಕೊಡಬೇಕು. ಹೆಸರು, ಹುದ್ದೆ, ಸಂಬಳ, ಷರತ್ತುಗಳು ಅದರಲ್ಲಿರಬೇಕು. ಇದಕ್ಕೆಂದೇ ನಿಯಮಗಳಲ್ಲಿ 'ಕ್ಯೂ' ಎಂಬ ನಮೂನೆ ಇದೆ. ಅಂದರೆ ನಮ್ಮ ರಾಜ್ಯದಲ್ಲಿ ಆರ್ಡರ್ ಕೊಡುವುದು ನಿನ್ನೆ ಮೊನ್ನೆ ಹುಟ್ಟಿದ ನಿಯಮವಲ್ಲ. ಪಾಲಿಸುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ ಇದ್ದರು, ಅಷ್ಟೆ.

ಹೊರಗಿನ ದೇಶಗಳಲ್ಲೂ ಇದೇ ದಾರಿ. ಬ್ರಿಟನ್‌ನಲ್ಲಿ 2020ರ ಏಪ್ರಿಲ್ 6ರಿಂದ ಕೆಲಸದ ಮೊದಲ ದಿನವೇ ಷರತ್ತುಗಳನ್ನು ಬರೆದು ಕೊಡಬೇಕು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಮುಖ್ಯ ವಿವರಗಳಿಗೆ ಏಳು ದಿನದ ಗಡುವು ಹಾಕಿದೆ.

ಕಾಗದ ಇಲ್ಲದಿದ್ದರೆ ನೌಕರಿಯೇ ಇಲ್ಲವೇ?

ಹಾಗೇನಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಕೆಲಸ ಮಾಡಿದ್ದೀರಿ, ಸಂಬಳ ಪಡೆದಿದ್ದೀರಿ ಎಂದಮೇಲೆ ನೌಕರ-ಮಾಲೀಕ ಸಂಬಂಧ ಹುಟ್ಟಿಯೇ ಬಿಟ್ಟಿರುತ್ತದೆ. ತಡವಾಗಿ ಬಂದ ಪತ್ರ ಆ ಸಂಬಂಧವನ್ನು ಬರಹಕ್ಕೆ ಇಳಿಸುತ್ತದೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ.

ಇದಕ್ಕೆ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣ ನೆನಪಿಡಬೇಕು. ಯಲ್ಲಟ್ಟಿ ಎಂಬ ದಿನಗೂಲಿ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ವರ್ಷಕ್ಕೆ 240 ದಿನ ಕೆಲಸ ಮಾಡಿದ್ದನ್ನು ತೋರಿಸುವ ಹೊಣೆ ನೌಕರನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನಗೂಲಿಯವರ ಕೈಯಲ್ಲಿ ನೇಮಕದ ಪತ್ರವೂ ಇರುವುದಿಲ್ಲ, ತೆಗೆದುಹಾಕಿದ ಪತ್ರವೂ ಇರುವುದಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು. ನೌಕರ ತಾನೇ ಸಾಕ್ಷಿಕಟ್ಟೆ ಹತ್ತಿ ಹೇಳಿಕೆ ಕೊಟ್ಟು, ಮಸ್ಟರ್ ರೋಲ್, ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ಹಾಜರುಪಡಿಸುವಂತೆ ಮಾಲೀಕರನ್ನು ಕೇಳಬಹುದು ಎಂದು ಹೇಳಿತು. ಆರ್ಡರ್ ಇಲ್ಲ ಎಂದು ಕೈಚೆಲ್ಲಿ ಕೂರಬೇಕಿಲ್ಲ ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಡ.

ಸಂಬಳ ಬಾಕಿಯ ವಿಷಯದಲ್ಲಿ ವೇತನ ಸಂಹಿತೆ ಇನ್ನೊಂದು ಹೆಜ್ಜೆ ಮುಂದಿದೆ. ಸಂಬಳ ಕೊಟ್ಟಿಲ್ಲ ಎಂದು ನೌಕರ ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು.

ಒಂದು ತಾರೀಖಿನ ಬೆಲೆ

ಲೆಕ್ಕ ಹಾಕಿಯೇ ನೋಡೋಣ. ಇಪ್ಪತ್ತೈದು ಸಿಬ್ಬಂದಿಯ ನರ್ಸಿಂಗ್ ಹೋಮ್ ಒಂದಕ್ಕೆ ನರ್ಸ್ ಒಬ್ಬರು 2017ರ ಜೂನ್‌ನಲ್ಲಿ ಸೇರಿದ್ದಾರೆ ಎಂದಿಟ್ಟುಕೊಳ್ಳಿ. 2027ರ ಜೂನ್‌ನಲ್ಲಿ ಕೆಲಸ ಬಿಡುತ್ತಾರೆ. ಆಗಿನ ವೇತನ ತಿಂಗಳಿಗೆ 13,000 ರೂಪಾಯಿ.

ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಗ್ರಾಚ್ಯುಟಿಯ ಲೆಕ್ಕ ಹೀಗೆ: ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ್ದು ಸಿಗುತ್ತದೆ. 13,000 ಭಾಗ 26 ಅಂದರೆ 500, ಅದಕ್ಕೆ 15 ಪಟ್ಟು 7,500. ಹತ್ತು ವರ್ಷಕ್ಕೆ 75,000 ರೂಪಾಯಿ.

ಈಗ ಅವರಿಗೆ ಸಿಕ್ಕ ಪತ್ರದಲ್ಲಿ ಸೇವೆಗೆ ಸೇರಿದ ದಿನಾಂಕ 01-01-2026 ಎಂದು ಬರೆದಿದೆ ಎನ್ನಿ. ಆ ಪತ್ರದ ಪ್ರಕಾರ ಸೇವೆ ಒಂದೂವರೆ ವರ್ಷ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಸತತ ಐದು ವರ್ಷ ಆಗಿರಬೇಕು. ಹಾಗಾಗಿ ಸಿಗುವುದು ಸೊನ್ನೆ. ಒಂದೇ ಒಂದು ಸಾಲು, 75,000 ರೂಪಾಯಿ ಹೋಯಿತು. ನ್ಯಾಯಾಲಯಕ್ಕೆ ಹೋಗಿ ನಿಜ ತಾರೀಖು ಸಾಬೀತು ಮಾಡಲು ದಾರಿ ಇದ್ದೇ ಇದೆ. ಆದರೆ ತಾವೇ ಸಹಿ ಹಾಕಿದ ಕಾಗದ ಎದುರು ಪಕ್ಷದ ಕೈಯಲ್ಲಿರುತ್ತದೆ.

ಗ್ರಾಚ್ಯುಟಿ ಒಂದೇ ಅಲ್ಲ. ಒಂದು ವರ್ಷದ ಸತತ ಸೇವೆ ಆದ ಕಾರ್ಮಿಕರನ್ನು ಹೆಚ್ಚುವರಿ ಎಂದು ತೆಗೆಯುವುದಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟರ ಸಂಬಳ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಹೆರಿಗೆ ಸೌಲಭ್ಯಕ್ಕೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನದ ಕೆಲಸ ಬೇಕು. ಪಿಎಫ್‌ನ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಎಲ್ಲದಕ್ಕೂ ಎಣಿಕೆ ಶುರುವಾಗುವುದು ಸೇರಿದ ದಿನದಿಂದಲೇ.

ಪತ್ರ ಕೈಗೆ ಬಂದಾಗ ಓದುವ ಕ್ರಮ

ಪತ್ರದಲ್ಲಿ ಎರಡು ತಾರೀಖು ಇರುತ್ತವೆ. ಒಂದು ಪತ್ರ ಬರೆದ ದಿನ, ಇನ್ನೊಂದು ಸೇವೆಗೆ ಸೇರಿದ ದಿನ. ಮೊದಲನೆಯದು ಇವತ್ತಿನದೇ ಇರಲಿ, ತಪ್ಪಿಲ್ಲ. ಎರಡನೆಯದು ನೀವು ನಿಜವಾಗಿ ಸೇರಿದ ದಿನವೇ ಆಗಿರಬೇಕು. ಹಳೆಯ ತಾರೀಖು ಹಾಕಿ, ಆಗಲೇ ಕೊಟ್ಟಿದ್ದೆವು ಎಂಬಂತೆ ಪತ್ರ ತಯಾರಿಸಿದ್ದರೆ, ನಿಮ್ಮ ಸಹಿಯ ಕೆಳಗೆ ಸಹಿ ಹಾಕಿದ ದಿನವನ್ನೇ ಬರೆಯಿರಿ.

ಆಮೇಲೆ ಈ ವಿವರಗಳನ್ನು ಒಂದೊಂದಾಗಿ ಗುರುತು ಹಾಕುತ್ತಾ ಹೋಗಿ:

1. ಹೆಸರು ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನಲ್ಲಿರುವಂತೆಯೇ ಇದೆಯೇ? ನಮ್ಮ ಕಡೆ ತಂದೆಯ ಹೆಸರು, ಅಡ್ಡಹೆಸರು, ಇನಿಷಿಯಲ್ ಹಿಂದುಮುಂದಾಗಿ ಪಿಎಫ್ ಹಣ ಸಿಕ್ಕಿಬೀಳುವುದು ಮಾಮೂಲು.

2. ಮಾಲೀಕರು ಯಾರು? ಇಷ್ಟು ದಿನ ಸಂಬಳ ಕೊಟ್ಟವರ ಹೆಸರೇ ಇದೆಯೋ, ಎಲ್ಲಿಯದೋ ಏಜೆನ್ಸಿಯ ಹೆಸರು ಬಂದು ಕೂತಿದೆಯೋ?

3. ಹುದ್ದೆ ಮತ್ತು ಕೆಲಸದ ಸ್ವರೂಪ. ಬಿಲ್ಲಿಂಗ್ ಮಾಡುವವರನ್ನು 'ಸಹಾಯಕ' ಎಂದು ಬರೆದರೆ ಕನಿಷ್ಠ ಕೂಲಿಯ ದರ್ಜೆಯೇ ಕೆಳಗಿಳಿಯಬಹುದು.

4. ಕಾಯಂ, ತಾತ್ಕಾಲಿಕ, ನಿಗದಿತ ಅವಧಿ ಇವುಗಳಲ್ಲಿ ಯಾವುದು? ನಿಗದಿತ ಅವಧಿ ಎಂದಿದ್ದರೆ ಯಾವತ್ತಿಗೆ ಮುಗಿಯುತ್ತದೆ? ಹೊಸ ಸಂಹಿತೆಯಡಿ ಇಂಥವರಿಗೆ ಒಂದು ವರ್ಷ ದುಡಿದರೂ ಸೇವೆಗೆ ತಕ್ಕಷ್ಟು ಗ್ರಾಚ್ಯುಟಿ ಇದೆ.

5. ಮೂಲ ವೇತನ ಎಷ್ಟು, ಭತ್ಯೆ ಎಷ್ಟು? ಒಟ್ಟು ಸಂಬಳದಲ್ಲಿ ಭತ್ಯೆಗಳ ಪಾಲು ಅರ್ಧಕ್ಕಿಂತ ಹೆಚ್ಚಿದ್ದರೆ, ಹೆಚ್ಚಾದ ಭಾಗವನ್ನೂ ವೇತನ ಎಂದೇ ಲೆಕ್ಕ ಹಿಡಿಯಬೇಕು.

6. ಪಿಎಫ್ ಮತ್ತು ಇಎಸ್‌ಐ ಇದೆಯೇ? ಸಾಮಾನ್ಯವಾಗಿ 20 ಮಂದಿ ಇದ್ದಲ್ಲಿ ಪಿಎಫ್, 10 ಮಂದಿ ಇದ್ದಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ. ನೌಕರನ ಪಾಲು ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75.

7. ಕೆಲಸದ ಗಂಟೆ, ವಾರದ ರಜೆ, ನೋಟಿಸ್ ಅವಧಿ. ನೋಟಿಸ್ ಎರಡೂ ಕಡೆಗೆ ಸಮ ಇದೆಯೇ?

ಇಂಗ್ಲಿಷ್‌ನಲ್ಲಿದ್ದರೆ "ಓದಿಸಿಕೊಂಡು ನಾಳೆ ಕೊಡುತ್ತೇನೆ" ಎಂದು ಹೇಳಿ. ಕನ್ನಡದಲ್ಲಿ ಕೊಡಿ ಎಂದೂ ಕೇಳಬಹುದು. ಒಂದು ರಾತ್ರಿ ತಡವಾದರೆ ಯಾರ ಗಂಟೂ ಹೋಗುವುದಿಲ್ಲ.

ಈ ಸಾಲುಗಳು ಕಂಡರೆ ನಿಲ್ಲಿ

'ಹೊಸದಾಗಿ ನೇಮಿಸಲಾಗಿದೆ.' ಹಳೆಯ ಸೇವೆಯನ್ನು ಅಳಿಸುವ ಸಾಲು ಇದು. ಬದಲಿಗೆ "ದಿನಾಂಕ ಇಂಥದ್ದರಿಂದ ಸತತ ಸೇವೆಯಲ್ಲಿದ್ದು, ಸೇವಾ ಷರತ್ತುಗಳನ್ನು ಈ ಮೂಲಕ ಲಿಖಿತವಾಗಿ ದೃಢಪಡಿಸಲಾಗಿದೆ" ಎಂದು ಬರೆಸಿ.

'ಆರು ತಿಂಗಳು ಪ್ರೊಬೇಷನ್.' ಎಂಟು ವರ್ಷ ದುಡಿದವರನ್ನು ಇನ್ನು ಪರೀಕ್ಷಿಸುವುದೇನಿದೆ? ತೆಗೆಸಿಹಾಕಿ.

'11 ತಿಂಗಳ ಅವಧಿಗೆ.' ಹನ್ನೊಂದು ತಿಂಗಳು, ನಡುವೆ ಒಂದೆರಡು ದಿನ ಬ್ರೇಕ್, ಮತ್ತೆ ಹನ್ನೊಂದು ತಿಂಗಳು. ಸೇವೆ ಸತತವಲ್ಲ ಎಂದು ತೋರಿಸುವ ಹಳೇ ಉಪಾಯ. ಬ್ರೇಕ್ ಕೊಟ್ಟ ದಿನವೂ ಡ್ಯೂಟಿ ಮಾಡಿಸಿದ್ದರೆ ಅದರ ದಾಖಲೆ ಇಟ್ಟುಕೊಳ್ಳಿ.

'ಈವರೆಗಿನ ಎಲ್ಲ ಬಾಕಿ ಪಡೆದಿದ್ದೇನೆ.' ಹಣ ಕೈಗೆ ಬಂದಿದ್ದರೆ ಮಾತ್ರ ಸಹಿ. ಕೆಲವೆಡೆ ಹೊಸ ಪತ್ರದ ಜತೆಗೇ ಹಳೆಯ ತಾರೀಖಿನ ರಾಜೀನಾಮೆ ಬರೆಸಿಕೊಳ್ಳುತ್ತಾರೆ. ಅದಕ್ಕೆ ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಕೆಲಸ ಬಿಡದೇ ಕೊಟ್ಟ ರಾಜೀನಾಮೆ ಮುಂದೆ ನಿಮ್ಮ ವಿರುದ್ಧವೇ ಓದಲ್ಪಡುತ್ತದೆ.

'ಬಿಟ್ಟು ಹೋದರೆ ಇಷ್ಟು ಹಣ ಕಟ್ಟಬೇಕು.' ಬಾಂಡ್ ಎಂದರೆ ಲೆಕ್ಕಕ್ಕಿಲ್ಲ ಎಂಬ ಮಾತು ಊರ ತುಂಬ ಇದೆ, ಅದನ್ನು ನಂಬಿ ಕೂರಬೇಡಿ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಇನ್ನೊಂದು ಕಡೆ, ಕಾರಣ ಹೇಳದೆ ಯಾವಾಗ ಬೇಕಾದರೂ ತೆಗೆಯುವ ಏಕಪಕ್ಷೀಯ ಷರತ್ತನ್ನು ಅದೇ ನ್ಯಾಯಾಲಯ 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ರದ್ದು ಮಾಡಿತ್ತು. ಷರತ್ತು ನ್ಯಾಯವೋ ಅಲ್ಲವೋ ಎಂಬುದು ಸಂದರ್ಭದ ಮೇಲೆ ನಿಂತಿದೆ. ಹಾಗಾಗಿ ಸಹಿಗೆ ಮುಂಚೆಯೇ ಮಾತಾಡಿಕೊಳ್ಳುವುದು ಕ್ಷೇಮ.

'ಮೂಲ ಅಂಕಪಟ್ಟಿ ಒಪ್ಪಿಸಬೇಕು.' ನಕಲು ಕೊಡಿ, ಮೂಲ ತೋರಿಸಿ ವಾಪಸ್ ತನ್ನಿ.

ಸಹಿ ಹಾಕದೆ ಇರಲೂ ಆಗದಿದ್ದರೆ

"ಬೇಡ ಅಂದರೆ ನಾಳೆಯಿಂದ ಬರಬೇಡ ಅಂತಾರೆ, ಏನು ಮಾಡೋಣ ಸಾರ್?" ಇದು ನಿಜವಾದ ಭಯ. ಇದಕ್ಕೊಂದು ಮಧ್ಯದ ದಾರಿ ಇದೆ. ಪತ್ರ ನಿರಾಕರಿಸಬೇಡಿ. ನಿಮ್ಮ ಸಹಿಯ ಮೇಲೆ ಒಂದು ಸಾಲು ಬರೆಯಿರಿ: "ಸೇವೆಗೆ ಸೇರಿದ ದಿನಾಂಕದ ಬಗ್ಗೆ ನನ್ನ ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ." ಕೆಳಗೆ ಸಹಿ, ಆ ದಿನದ ತಾರೀಖು. ಮೊಬೈಲ್‌ನಲ್ಲಿ ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳಿ. ಒಂದು ಪ್ರತಿ ಕೇಳಿ ಪಡೆಯಿರಿ. ಸಾಲು ಬರೆಯಲೂ ಬಿಡದಿದ್ದರೆ ಅವತ್ತೇ ಸಂಜೆ ಈ ಪತ್ರ ಕಳುಹಿಸಿ:

*ಗೆ,*
*ವ್ಯವಸ್ಥಾಪಕರು, (ಸಂಸ್ಥೆಯ ಹೆಸರು, ಊರು)*

*ವಿಷಯ: ನೇಮಕಾತಿ ಪತ್ರದಲ್ಲಿ ಸೇವೆಗೆ ಸೇರಿದ ದಿನಾಂಕ ತಿದ್ದುಪಡಿ ಮಾಡುವ ಕುರಿತು.*

*ಮಾನ್ಯರೇ,*

*ನಾನು ತಮ್ಮ ಸಂಸ್ಥೆಯಲ್ಲಿ ದಿನಾಂಕ ........ರಿಂದ ಸತತವಾಗಿ ........ ಆಗಿ ಕೆಲಸ ಮಾಡುತ್ತಿದ್ದೇನೆ. ದಿನಾಂಕ ........ರಂದು ನನಗೆ ನೀಡಿದ ನೇಮಕಾತಿ ಪತ್ರದಲ್ಲಿ ಸೇವೆಗೆ ಸೇರಿದ ದಿನಾಂಕ ........ ಎಂದು ನಮೂದಾಗಿದೆ. ಇದನ್ನು ಸರಿಪಡಿಸಿ, ಹಿಂದಿನ ಸೇವೆ ಪರಿಗಣಿಸಿ ತಿದ್ದಿದ ಪತ್ರ ನೀಡಬೇಕೆಂದು ಕೋರುತ್ತೇನೆ. ಮೊದಲ ಸಂಬಳ ಜಮೆಯಾದ ಬ್ಯಾಂಕ್ ಪುಟದ ನಕಲನ್ನು ಲಗತ್ತಿಸಿದ್ದೇನೆ.*

*ತಮ್ಮ ವಿಶ್ವಾಸಿ,*
*(ಸಹಿ, ಹೆಸರು, ದಿನಾಂಕ)*

ಜಗಳದ ಮಾತು ಒಂದೂ ಬೇಡ, ಕಾಯ್ದೆಯ ಬೆದರಿಕೆಯೂ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ವಾಟ್ಸ್ಆ್ಯಪ್‌ನಲ್ಲೂ ಒಂದು ಫೋಟೊ ಹಾಕಿ. ಉತ್ತರ ಬರಲಿ, ಬಿಡಲಿ, ನೀವು ಸುಮ್ಮನೆ ಒಪ್ಪಿಕೊಂಡಿಲ್ಲ ಎಂಬುದಕ್ಕೆ ದಾಖಲೆ ಆಯಿತು.

ಹಳೆಯ ತಾರೀಖಿಗೆ ಸಾಕ್ಷಿ ಎಲ್ಲಿದೆ?

ಹುಡುಕಿದರೆ ಮನೆಯಲ್ಲೇ ಸಿಗುತ್ತದೆ. ಮೊದಲ ಸಂಬಳ ಜಮೆಯಾದ ಪಾಸ್‌ಬುಕ್ ಪುಟ, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಐಡಿ ಕಾರ್ಡ್, ಡ್ಯೂಟಿ ಚಾರ್ಟ್, ನಿಮ್ಮ ಕೈಬರಹದ ಬಿಲ್ ಪುಸ್ತಕ, ಫೋನ್‌ಪೇನಲ್ಲಿ ಬಂದ ಸಂಬಳ, ಬ್ಯಾಂಕ್ ಸಾಲಕ್ಕೆಂದು ಸಂಸ್ಥೆ ಹಿಂದೆ ಕೊಟ್ಟ ಸಂಬಳ ಪತ್ರ, ಆಯುಧ ಪೂಜೆಯ ಗ್ರೂಪ್ ಫೋಟೊ, "ನಾಳೆ ಬೇಗ ಬಾ" ಎಂಬ ಹಳೆಯ ಮೆಸೇಜ್ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಯಲ್ಲಟ್ಟಿ ಪ್ರಕರಣದಲ್ಲಿ ನೌಕರನಿಗೆ ನೆರವಾದದ್ದು ಹಿಂದಿದ್ದ ಅಧಿಕಾರಿ ಕೊಟ್ಟಿದ್ದ ಒಂದು ಪ್ರಮಾಣಪತ್ರ.

ಮೊಬೈಲ್ ಬದಲಿಸುವಾಗ ಹಳೆಯದನ್ನು ಮಾರಬೇಡಿ. ಡಿಜಿಟಲ್ ದಾಖಲೆಯನ್ನು ನ್ಯಾಯಾಲಯದಲ್ಲಿ ಮುಂದಿಡಲು ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಸಾಧನ ಕೈಯಲ್ಲಿದ್ದರೆ ಆ ಕೆಲಸ ಸಲೀಸು.

ಪಿಎಫ್ ಖಾತೆಗೆ ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಜಮೆಯ ವಿವರ ಬರುತ್ತದೆ. ಸಂಬಳದಲ್ಲಿ ಹಿಡಿದ ಹಣ ಕಟ್ಟಿದ್ದಾರೆಯೇ ಎಂದು ಗೊತ್ತಾಗಲು ಇದು ಸುಲಭದ ದಾರಿ. ಪಿಎಫ್‌ಗೆ ಸೇರಿಸದೆ ಬಿಟ್ಟ ನೌಕರರನ್ನು ಈಗ ಸೇರಿಸಲು ಮಾಲೀಕರಿಗೆ ಪಿಎಫ್ ಸಂಸ್ಥೆ 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗೆ ವಿಶೇಷ ಅವಕಾಶ ನಿಗದಿ ಮಾಡಿತು. 2017ರ ಜುಲೈನಿಂದ 2025ರ ಅಕ್ಟೋಬರ್‌ವರೆಗೆ ಕೆಲಸಕ್ಕೆ ಸೇರಿಯೂ ಪಿಎಫ್‌ನಿಂದ ಹೊರಗುಳಿದವರು ಇದರಡಿ ಬರುತ್ತಾರೆ. ನೌಕರನ ಪಾಲು ಹಿಡಿದಿರದಿದ್ದರೆ ಅದು ಮನ್ನಾ, ದಂಡ ಬರೀ 100 ರೂಪಾಯಿ. ನಿಮ್ಮ ಸಂಸ್ಥೆ ಇದನ್ನು ಬಳಸಿಕೊಂಡಿತೇ ಎಂದು ಕೇಳಿ.

ನಮ್ಮ ಭಾಗದವರಿಗೆ ಇನ್ನೊಂದು ಕಿವಿಮಾತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲೂಕಿನಲ್ಲಿತ್ತು. ಹಳೆಯ ಐಡಿ ಕಾರ್ಡ್ ಮೇಲೆ ಬೇರೆ ಜಿಲ್ಲೆ, ಬೇರೆ ತಾಲೂಕು ಇದೆ ಎಂದು ಬಿಸಾಡಬೇಡಿ. ಅದು ಎಷ್ಟು ಹಳೆಯದು ಎಂಬುದಕ್ಕೆ ಆ ವಿಳಾಸವೇ ಸಾಕ್ಷಿ.

ಸರ್ಕಾರಿ ಕಚೇರಿ, ಪಂಚಾಯಿತಿ, ಹೊರಗುತ್ತಿಗೆ

ನೇಮಕಾತಿ ಪತ್ರ ಕಡ್ಡಾಯ ಮಾಡಿದ ಹೊಸ ಸಂಹಿತೆ ಸರ್ಕಾರಿ ಕಚೇರಿಗಳಿಗೆ ಅನ್ವಯಿಸುವುದಿಲ್ಲ. ಆದರೆ ಅಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರಿಗೆ ಅನ್ವಯಿಸುತ್ತದೆ. ಹಾಸ್ಟೆಲ್ ಅಡುಗೆಯವರು, ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ತಾಲೂಕು ಕಚೇರಿಯ ಡಾಟಾ ಎಂಟ್ರಿ ಆಪರೇಟರ್‌ಗಳ ಗೋಳೇ ಬೇರೆ. ಕೆಲಸ ಅದೇ, ಕುರ್ಚಿ ಅದೇ, ಟೆಂಡರ್ ಬದಲಾದಂತೆ ಏಜೆನ್ಸಿ ಮಾತ್ರ ಹೊಸದು. ಪ್ರತಿ ಏಜೆನ್ಸಿಯೂ ತನ್ನ ತಾರೀಖಿನಿಂದಲೇ ಪತ್ರ ಕೊಡುತ್ತದೆ. ಇಲ್ಲಿ ಮಾಡಬೇಕಾದ್ದು ಎರಡು. ಪ್ರತಿ ಏಜೆನ್ಸಿಯ ಪತ್ರ ಅಥವಾ ಸಂಬಳದ ಚೀಟಿ ಒಂದಾದರೂ ಇರಲಿ. ಪಿಎಫ್‌ನ ಯುಎಎನ್ ಸಂಖ್ಯೆ ಬದಲಾಗದಂತೆ ನೋಡಿಕೊಳ್ಳಿ, ಏಜೆನ್ಸಿ ಎಷ್ಟೇ ಬದಲಾದರೂ ನಿಮ್ಮ ಸೇವೆಯ ಸರಪಳಿ ಅಲ್ಲಿ ಉಳಿಯುತ್ತದೆ. ಏಜೆನ್ಸಿ ಸಂಬಳ ಕೊಡದೆ ಕೈಕೊಟ್ಟರೆ ಮೂಲ ಮಾಲೀಕ, ಅಂದರೆ ಆ ಇಲಾಖೆಯೇ ಕೊಡಬೇಕು.

ಗ್ರಾಮ ಪಂಚಾಯಿತಿಯ ನೀರುಗಂಟಿ, ಬಿಲ್ ಕಲೆಕ್ಟರ್, ಸ್ವಚ್ಛತಾಗಾರರ ಬಾಯಲ್ಲಿ ಸದಾ ಇರುವ ಮಾತು 'ಅನುಮೋದನೆ'. ಪಂಚಾಯಿತಿ ಠರಾವು ಮಾಡಿ ಕೆಲಸಕ್ಕೆ ಇಟ್ಟುಕೊಂಡರೂ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಅನುಮೋದನೆ ಬರುವವರೆಗೆ ನೆಮ್ಮದಿ ಇಲ್ಲ. ನೇಮಕದ ಠರಾವಿನ ನಕಲು ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ತೆಗೆಯಿರಿ. 'ಪಂಚತಂತ್ರ' ತಂತ್ರಾಂಶದಲ್ಲಿ ನಿಮ್ಮ ಹೆಸರು, ಸೇರಿದ ದಿನ ಸರಿಯಾಗಿ ನಮೂದಾಗಿದೆಯೇ ಎಂದು ಪಿಡಿಒ ಬಳಿ ನೋಡಿಸಿಕೊಳ್ಳಿ.

ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಪತ್ರ ಸಿಕ್ಕ ಮಾತ್ರಕ್ಕೆ ಸರ್ಕಾರಿ ಕೆಲಸ ಕಾಯಂ ಆಗುವುದಿಲ್ಲ. ಕರ್ನಾಟಕದ ದಿನಗೂಲಿ ನೌಕರರಿಂದಲೇ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್, ದೀರ್ಘ ಸೇವೆಯೊಂದರಿಂದಲೇ ಕಾಯಮಾತಿಯ ಹಕ್ಕು ಬರುವುದಿಲ್ಲ ಎಂದಿತ್ತು. 2024ರ ಡಿಸೆಂಬರ್ 20ರ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದಶಕಗಟ್ಟಲೆ ದುಡಿಸಿಕೊಂಡವರನ್ನು ಕೈಬಿಡಲು ಉಮಾದೇವಿ ತೀರ್ಪನ್ನು ನೆಪ ಮಾಡಬಾರದು ಎಂದು ಎಚ್ಚರಿಸಿತು. ದಾರಿ ಕಠಿಣ, ಆದರೆ ಮುಚ್ಚಿಲ್ಲ. ಬೆಂಗಳೂರಿನ 12,692 ಪೌರಕಾರ್ಮಿಕರು ವರ್ಷಗಳ ದುಡಿಮೆ ಮತ್ತು ಹೋರಾಟದ ನಂತರ 2025ರ ಕಾರ್ಮಿಕ ದಿನದಂದು ಕಾಯಂ ನೇಮಕಾತಿ ಪತ್ರ ಪಡೆದರು.

ಖಾಸಗಿ ಶಾಲೆಯ ಮೇಷ್ಟ್ರು, ಮೇಡಂಗಳಿಗೆ

ಶಿಕ್ಷಕರು ಕೈಗಾರಿಕಾ ಕಾನೂನಿನ ಅರ್ಥದಲ್ಲಿ 'ಕಾರ್ಮಿಕ'ರಲ್ಲ ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ರಕ್ಷಣೆ ಇಲ್ಲವೆಂದಲ್ಲ. ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚ್ಯುಟಿ ಉಂಟು, ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಎಂಬ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್ 29ರಂದು ಎತ್ತಿಹಿಡಿಯಿತು. ಕರ್ನಾಟಕ ಶಿಕ್ಷಣ ಅಧಿನಿಯಮ 1983ರ 92ನೇ ಸೆಕ್ಷನ್ ಪ್ರಕಾರ ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ. ಮಾಡಿದರೆ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಶಾಲೆಗಳ ರೂಢಿಯೆಂದರೆ ಮಾರ್ಚ್ ಕೊನೆಗೆ ಬಿಡಿಸಿ ಜೂನ್‌ಗೆ ಮತ್ತೆ ಸೇರಿಸಿಕೊಳ್ಳುವುದು, ಪ್ರತಿ ಜೂನ್‌ಗೆ ಹೊಸ ಆರ್ಡರ್. ಬೇಸಿಗೆಯಲ್ಲಿ ಮೌಲ್ಯಮಾಪನ, ದಾಖಲಾತಿ ಪ್ರಚಾರಕ್ಕೆ ಮನೆಮನೆ ತಿರುಗಾಟ ಮಾಡಿಸಿದ್ದರೆ ಆ ಸುತ್ತೋಲೆ, ಮೆಸೇಜ್‌ಗಳನ್ನು ಎತ್ತಿಡಿ. ಸೇವೆ ಕಡಿದಿಲ್ಲ ಎನ್ನಲು ಅವು ಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಸಂಸ್ಥೆಯಲ್ಲೇ ಲಿಖಿತ ಮನವಿ. ಆಗದಿದ್ದರೆ ತಾಲೂಕಿನ ಕಾರ್ಮಿಕ ನಿರೀಕ್ಷಕರು, ಅವರ ಮೇಲೆ ಜಿಲ್ಲಾ ಕಾರ್ಮಿಕ ಅಧಿಕಾರಿ. ಕಾರ್ಮಿಕ ಸಹಾಯವಾಣಿ 155214. ಪಿಎಫ್ ದೂರುಗಳಿಗೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ 'ನಿಧಿ ಆಪ್ಕೆ ನಿಕಟ್' ಶಿಬಿರ. ವಕೀಲರಿಗೆ ಕೊಡಲು ಹಣವಿಲ್ಲದವರು ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ.

ಕಾಲಮಿತಿ ಮರೆಯಬೇಡಿ. ವೇತನ ಬಾಕಿಯ ಅರ್ಜಿಗೆ ಮೂರು ವರ್ಷ. ಕೆಲಸದಿಂದ ತೆಗೆದದ್ದರ ವಿವಾದಕ್ಕೆ ಹೊಸ ಸಂಹಿತೆಯಲ್ಲಿ ಎರಡೇ ವರ್ಷ. ಕೆಲಸ ಬಿಟ್ಟಾಗ ಅಥವಾ ಬಿಡಿಸಿದಾಗ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು.

ಮಾಲೀಕರಿಗೂ ಒಂದು ಮಾತು

ನಿಜವಾದ ತಾರೀಖು ಬರೆದು ಕೊಟ್ಟರೆ ಹೊರೆ ಹೆಚ್ಚುತ್ತದೆ ಎಂಬ ಅಂಜಿಕೆ ಅನೇಕರದು. ಆ ಹೊರೆ ಆಗಲೇ ಇದೆ, ಕಾಗದ ಅದನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಸುಳ್ಳು ತಾರೀಖು ಹಾಕಿದರೆ ನಿಮ್ಮದೇ ಬ್ಯಾಂಕ್ ಲೆಕ್ಕ, ಹಾಜರಿ ಪುಸ್ತಕ ನಿಮ್ಮ ವಿರುದ್ಧ ನಿಲ್ಲುತ್ತವೆ. ಕೂಡ್ಲಿಗಿಯಿಂದ ಹೊಸಪೇಟೆಗೆ ಹೆದ್ದಾರಿಯಲ್ಲಿ ದಿನಾ ಬೈಕ್‌ನಲ್ಲಿ ಓಡಾಡುವ ನೌಕರನಿಗೆ ದಾರಿಯಲ್ಲಿ ಅಪಘಾತವಾದರೆ, ಕೆಲಸಕ್ಕೂ ಆ ಪ್ರಯಾಣಕ್ಕೂ ಸಂಬಂಧ ಕಂಡಲ್ಲಿ ಅದನ್ನೂ ಕೆಲಸದ ಅಪಘಾತವೆಂದೇ ಹೊಸ ಸಂಹಿತೆ ಪರಿಗಣಿಸುತ್ತದೆ. ಆಗ ಸರಿಯಾದ ದಾಖಲೆ, ಇಎಸ್‌ಐ ಇದ್ದರೆ ನಿಮಗೂ ರಕ್ಷೆ.

ಓದುಗರಲ್ಲಿ ಒಂದು ವಿನಂತಿ. ಆರ್ಡರ್ ಬರುವವರೆಗೆ ಕಾಯಬೇಡಿ. ಈ ವಾರವೇ ಒಂದು ಫೈಲ್ ಮಾಡಿ, ಮೊದಲ ಸಂಬಳದ ಪಾಸ್‌ಬುಕ್ ಪುಟದ ಜೆರಾಕ್ಸ್ ತೆಗೆದು ಅದರಲ್ಲಿ ಹಾಕಿ. ಜತೆಗೆ ದುಡಿಯುವವರಿಗೂ ಹೇಳಿ. ಒಬ್ಬರೇ ಕೇಳಿದಾಗ ಬರುವ "ನಿನಗ್ಯಾಕ ಬೇಕು" ಎಂಬ ಮಾತು, ಹತ್ತು ಮಂದಿ ಒಟ್ಟಿಗೆ ಕೇಳಿದಾಗ ಅಷ್ಟು ಸುಲಭಕ್ಕೆ ಬರುವುದಿಲ್ಲ.